ಓಟಿಗೊಂದು ಹಿಡಿ ಮಣ್ಣು

ಈಗ ವಯಸ್ಸಿಗೆ ಬಂದವರಿಗೆಲ್ಲ ಓಟು ಇದೆ. ಅದನ್ನು ಹಾಕದೆ ಮನೆಯಲ್ಲಿ ಮಲಗಿ, ಆಮೇಲೆ ಅದನ್ನೇ ದೊಡ್ಡಸ್ತಿಕೆಯಂತೆ ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಸಣ್ಣವಳಿದ್ದಾಗ ನಮ್ಮ ಹಿರೇಕೆರೂರು ತಾಲೂಕಿನಲ್ಲಿ ಓಟು ಮನುಷ್ಯನಿಗಿರಲಿಲ್ಲ, ಹೊಲಕ್ಕಿತ್ತು. ಇಂಗ್ಲಿಷ್ ಕಲಿತ ನಾಲ್ಕು ಜನರನ್ನು ಬಿಟ್ಟರೆ, ಸರಕಾರಕ್ಕೆ ಕಂದಾಯ ಕಟ್ಟುವ ಹೊಲ ಯಾರ ಹೆಸರಿನಲ್ಲಿದೆಯೋ ಅವರದೇ ಓಟು. ಹಾನಗಲ್ಲಿನಲ್ಲೂ ಶಿಗ್ಗಾವಿಯಲ್ಲೂ ಅದೇ ಕಾನೂನು. ಸವಣೂರಿಗೆ ಕೊಟ್ಟಿದ್ದ ನನ್ನ ಸೋದರತ್ತೆಗಂತೂ ಆ ಗೊಡವೆಯೇ ಇರಲಿಲ್ಲ, ಅದು ನವಾಬರ ಸೀಮೆ. “ನಮ್ಮ ಪಾಲಿಂದೆಲ್ಲಾ ನವಾಬ ಸಾಹೇಬ್ರ ನೋಡ್ಕೋತಾರ” ಎಂದು ಆಕೆ ನಗುತ್ತಿದ್ದಳು. ನಮ್ಮಪ್ಪನಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಮಾಸೂರಿನ ಆಚೆ ನಮಗೊಂದು ಒಳ್ಳೆಯ ಹೊಲವಿತ್ತು. ಬಿಳಿಯರ ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಖಾದಿಯವರು ಕರೆ ಕೊಟ್ಟಾಗ ಅಪ್ಪ ಮೊದಲಿಗನಾಗಿ ನಿಂತ. ಜೈಲಿಗೆ ಹೋದ, ಬಂದ. ಅಷ್ಟರೊಳಗೆ ಹೊಲ ಜಪ್ತಿಯಾಗಿತ್ತು. ಸರಕಾರ ಹರಾಜಿಗಿಟ್ಟ ಆ ಲಿಲಾವಿನಲ್ಲಿ ಯಾರೂ ಕೂಗಬಾರದೆಂದು ಊರೆಲ್ಲ ಗುಡಿಯಲ್ಲಿ ಆಣೆ ಮಾಡಿದ್ದರೂ ಒಬ್ಬ ಕೂಗಿ ಕೊಂಡುಕೊಂಡ. ಬೇರೆ ಯಾರೋ ಅಲ್ಲ, ನಮ್ಮ ಪಕ್ಕದ ಮನೆಯವನು, ಅಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದವನು.

ಖಾದಿಯವರ ಮಾತಿನಂತೆ ಊರು ಅವನಿಗೆ ಬಹಿಷ್ಕಾರ ಹಾಕಿತು. ಅವನ ಮನೆಗೆ ಕ್ಷೌರಿಕ ಹೋಗುವಂತಿಲ್ಲ, ಅಗಸ ಹೋಗುವಂತಿಲ್ಲ, ಒಲೆಗೆ ಯಾರೂ ಕೆಂಡ ಕೊಡುವಂತಿಲ್ಲ, ಹೊಲಕ್ಕೆ ಕೂಲಿಯವರು ಬರುವಂತಿಲ್ಲ. ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವನು ಅಪ್ಪನೇ. ಒಂದು ಮಳೆಗಾಲ ಅವನ ತಾಯಿ ತೀರಿಕೊಂಡಳು. ನಮಗೆಲ್ಲ ಬೆಲ್ಲ ಕೊಟ್ಟು ಆಡಿಸಿದ ಮುದುಕಿ.

“ಸತ್ತಾಕಿ ಏನ ಮಾಡಿದ್ಲ್ರಿ? ಆಕಿ ಬಂದು ಲಿಲಾವ ಕೂಗಿದ್ಲೇನು?” ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

“ಇವತ್ತ ಒಬ್ಬಾತ ಹೆಗಲ ಕೊಟ್ರ ನಾಳೆ ಎಲ್ಲಾರ ಹೊಲಾನೂ ಲಿಲಾವಿಗೆ ಹೋಗ್ತಾವ. ಯಾರೂ ಹೋಗೂದ ಬ್ಯಾಡ.”

ನಮ್ಮಲ್ಲಿ ಹೆಣ ಹೂಳಲು ಮಣ್ಣಿಗೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ವೈರಿಯೂ ಹಾಕುತ್ತಾನೆ. ಆ ಮುದುಕಿಗೆ ಹಾಕಿದವರು ಮಗ, ಸೊಸೆ ಇಬ್ಬರೇ. ಗಾಡಿಯಲ್ಲಿ ಹೆಣ ಒಯ್ದು, ಲಿಲಾವಿನಲ್ಲಿ ಹಿಡಿದ ಆ ಹೊಲದಲ್ಲೇ ಹೂಳಿದರು. ಅವ್ವ ಅಂದು ಒಲೆ ಹಚ್ಚಲಿಲ್ಲ.

ಮುಂದೆ ಇಲೆಕ್ಷನ್ ಬಂತು. ಖಾದಿಯವರ ಉಮೇದುವಾರರು ಮೋಟಾರಿನಲ್ಲಿ ನಮ್ಮ ಮನೆಗೇ ಬಂದಿಳಿದಾಗ ಅಪ್ಪನಿಗೆ ಹಿಗ್ಗಿನಲ್ಲಿ ನೆಲ ಕಾಣಲಿಲ್ಲ. ಅವರು ಕುಳಿತು, ನೀರು ಕುಡಿದು, ಓಟಿದ್ದವರ ಯಾದಿ ಬಿಚ್ಚಿದರು.

“ಯಜಮಾನ್ರ, ನಿಮ್ಮ ಹೆಸರ ಇದರಾಗ ಇಲ್ಲಲ್ರಿ!”

“ಹೊಲಾನ ಇಲ್ಲ, ಹೆಸರ ಎಲ್ಲಿಂದ ಬರ್ತೈತ್ರಿ?”

“ನಿಮ್ಮ ಹೊಲಾ ಹಿಡದಾವಂದು ಐತಿ ನೋಡ್ರಿ. ಗಂಡನ ಹೊಲದ ಮ್ಯಾಲ ಅವನ ಹೆಂಡತಿದೂ ಐತಿ. ಎರಡ ಓಟು. ನಮ್ಮನ್ನ ಅಲ್ಲಿಗೆ ಕರಕೊಂಡ ನಡೀರಿ.”

“ಅವನ ಮನಿ ಕಟ್ಟಿ ತುಳೀಬ್ಯಾಡ ಅಂತ ಹೇಳಿದಾವ್ರು ನೀವ ಅಲ್ಲೇನ್ರಿ?” ಎಂದ ಅಪ್ಪ.

“ಅದು ಆಗಿನ ಮಾತು. ಈಗ ನಮ್ಮ ರಾಜ್ಯ ಬರಾಕತ್ತೈತಿ. ಒಂದೊಂದ ಓಟೂ ಬೇಕ್ರಿ.”

ಅಪ್ಪ ಹೋದ. ಹಿಂದೆ ಅವ್ವ, ಅವಳ ಸೆರಗು ಹಿಡಿದು ನಾನು. ಆ ಮನೆಯವನು ಕಂಬಳಿ ಹಾಸಿದ, ಹಾಲು ಕೊಟ್ಟ. ಬಹಿಷ್ಕಾರ ಹಾಕಿಸಿದ ದೊಡ್ಡವರು ಆ ಹಾಲನ್ನು ಚಪ್ಪರಿಸಿ ಕುಡಿದರು. ಅಪ್ಪ ಹೊಸ್ತಿಲ ಹೊರಗೇ ನಿಂತಿದ್ದ.

“ಎರಡೂ ಓಟು ನಿಮಗ ಹಾಕ್ತೇವ್ರಿ. ಆದ್ರ ನಮ್ಮವ್ವಗ ಈ ಅಣ್ಣ ಒಂದ ಹಿಡಿ ಮಣ್ಣ ಹಾಕಿ ಬರ್ಲಿ. ಆವತ್ತ ಯಾರಿಗೂ ಹಾಕಗೊಡಲಿಲ್ಲ” ಎಂದ ಅವನು.

“ಇಷ್ಟ ಏನು? ಹಾಕ್ತಾರ ಬಿಡ್ರಿ!” ಎಂದರು ಉಮೇದುವಾರರು. ಅಪ್ಪನನ್ನು ಕೇಳುವ ಪ್ರಮೇಯವೇ ಅವರಿಗೆ ಕಾಣಲಿಲ್ಲ. ನಾವು ಹೊಲದ ದಾರಿ ಹಿಡಿಯುವಷ್ಟರಲ್ಲಿ ಅವರ ಮೋಟಾರು ಮುಂದಿನ ಊರಿಗೆ ಹೊರಟುಹೋಗಿತ್ತು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಜಪ್ತಿಯಾದ ಮೇಲೆ ಅಪ್ಪ ಆ ಹೊಲಕ್ಕೆ ಕಾಲಿಟ್ಟದ್ದು ಅಂದೇ. ಕೂಲಿಯವರಿಲ್ಲದೆ ಹೊಲದ ತುಂಬ ಕರಿಕೆ ಹುಲ್ಲು ಹಬ್ಬಿತ್ತು. ಗೋರಿಯ ಹತ್ತಿರ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿ, ಮಣ್ಣು ಹಾಕಿ, “ಯವ್ವಾ, ತಪ್ಪಾತು” ಎಂದ. ಹೊಲದವನು ಗಳಗಳನೆ ಅತ್ತ. ಅಪ್ಪನ ಕಣ್ಣು ಸುತ್ತಲಿನ ಕರಿಕೆಯ ಮೇಲೆಯೇ ಇತ್ತು.

“ಹೊಲಾ ಹಾಳ ಬಿಟ್ಟೀಯಲ್ಲೋ.”

“ಕೂಲಿಗೆ ಯಾರ ಬಂದ್ರು ಅಣ್ಣಾ?”

“ನಾಳಿಂದ ನಾ ಬರ್ತೇನಿ. ಮನ್ಯಾಗ ಜೋಳಾ ಇಲ್ಲ” ಎಂದ ಅಪ್ಪ.

ಮರುದಿನ ಗುದ್ದಲಿ ಹೊತ್ತು ತನ್ನದೇ ಹೊಲಕ್ಕೆ ಕೂಲಿಗೆ ಹೋದ. ಓಟಿನ ದಿವಸ ಆ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಗಾಡಿ ಹೊಡೆದವನೂ ಅಪ್ಪನೇ. ಓಟಿಲ್ಲದವರನ್ನು ಪೋಲೀಸರು ಒಳಗೆ ಬಿಡುತ್ತಿರಲಿಲ್ಲ. ಅವರಿಬ್ಬರೂ ಹಾಕಿ ಹೊರಗೆ ಬರುವ ತನಕ ಅವನು ಬಿಸಿಲಲ್ಲಿ ಎತ್ತು ಹಿಡಿದು ನಿಂತಿದ್ದ.