ಉದ್ದನಪಲ್ಲಿಯವರನ್ನು ಗೆದ್ದ ದಿನ

ನಾನು ಚಿಕ್ಕವನಿದ್ದಾಗ ಹೊಸೂರಿನ ಹತ್ತಿರ ತಳಿ ಕಡೆಯ ನಮ್ಮೂರಿನಲ್ಲೂ ಒಂದು ಫುಟ್‌ಬಾಲ್ ಕ್ಲಬ್ ಇತ್ತು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ರಾಗಿ ಕೊಯ್ದ ಹೊಲವೇ ಮೈದಾನ, ನೀಲಗಿರಿ ಕಂಬಗಳೇ ಗೋಲು. ಬರಿಗಾಲಿನ ಆಟ, ಕೂಳೆ ಚುಚ್ಚಿ ಎಲ್ಲರ ಅಂಗಾಲೂ ಗಾಯ. ಗೋಲಿನಲ್ಲಿ ನಿಲ್ಲುತ್ತಿದ್ದವರು ನಮ್ಮಪ್ಪ.

ಆ ತಂಡಕ್ಕೆ ಒಂದು ಕಷ್ಟವಿತ್ತು. ಹನ್ನೊಂದು ಮಂದಿಯೂ ದಾಯಾದಿಗಳು. ಯಾರ ಮನೆಯಲ್ಲಿ ಸಾವಾದರೂ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಎಲ್ಲರಿಗೂ ಸೂತಕ. ಆಮೇಲೆ ಚೆಂಡು ಮುಟ್ಟುವಂತಿಲ್ಲ. ಹೀಗೆ ಎರಡು ವರ್ಷ, ಸುತ್ತಲಿನ ಊರುಗಳ ಪಂದ್ಯಾವಳಿಯಲ್ಲಿ ಉದ್ದನಪಲ್ಲಿಯವರ ಜೊತೆಗಿನ ಕೊನೆಯ ಪಂದ್ಯವನ್ನು ಆಡದೆಯೇ ಕಳೆದುಕೊಂಡಿದ್ದೆವು. "ಇವರನ್ನ ಸೋಲ್ಸಕ್ಕೆ ಒಬ್ಬ ಮುದುಕ ಸತ್ರೆ ಸಾಕು ಕಣ್ಲಾ" ಎಂದು ಅವರು ಸಂತೆಯಲ್ಲಿ ಆಡಿಕೊಳ್ಳುತ್ತಿದ್ದರು. ಅಪ್ಪ ಕೇಳಿಯೂ ಕೇಳದವರಂತೆ ಕೋಸಿನ ಮೂಟೆ ಹೊರುತ್ತಿದ್ದರು. ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯ ವರ್ಷದ ಪಂದ್ಯ ನಮ್ಮೂರಲ್ಲೇ ನಡೆಯಿತು. ಮಧ್ಯಾಹ್ನ ಆಟ ಶುರುವಾದ ಸ್ವಲ್ಪ ಹೊತ್ತಿಗೆ ದಾರಿಯಲ್ಲಿ ಜೀಪು ನಿಂತು, ನಾಟ್ರಾಂಪಾಳ್ಯದ ಮಾವ ಇಳಿದರು. ಅಪ್ಪನ ಅಮ್ಮ, ನಮ್ಮಜ್ಜಿ, ಅಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದರು. ಅಕ್ಕ ಚೊಂಬಿನಲ್ಲಿ ನೀರು ಕೊಟ್ಟಳು. ಮಾವ ಮುಟ್ಟಲಿಲ್ಲ. ಸಾವಿನ ಸುದ್ದಿ ತಂದವರು ನೀರು ಕುಡಿಯುವುದಿಲ್ಲ. ಅಷ್ಟರಲ್ಲೇ ಅವಳಿಗೆ ತಿಳಿದುಹೋಯಿತು.

"ಅಜ್ಜಿ ಹೋಗ್ಬುಟ್ರವ್ವ" ಅಂದರು ಮಾವ. "ನಿಮ್ಮಪ್ಪನ್ನ ಕರಿ. ಹೊತ್ತು ಮುಳುಗಕ್ ಮುಂಚೆ ಮಣ್ಣು ಮಾಡ್ತಾರೆ. ಕತ್ಲಾದ್ರೆ ಆನೆ ಕಾಟ, ಕಾಯಕ್ಕಾಗಲ್ಲ."

"ಈ ಆಟ ಒಂದು ಮುಗೀಲಿ ಮಾವ" ಅಂದಳು ಅಕ್ಕ. "ಅಪ್ಪನ ಕಿವಿಗೆ ಬೀಳೋಗಂಟ ಸೂತಕ ಇಲ್ವಲ್ಲ. ಮುಗಿದೇಟ್ಗೆ ನಾನೇ ಹೇಳ್ತೀನಿ."

ಮಾವ ಸೂರ್ಯನನ್ನು ನೋಡಿದರು, ಆಟವನ್ನು ನೋಡಿದರು. "ಬಿರ್ನೆ ಮುಗೀತದಾ?" ಎಂದು ಕೇಳಿ ಜೀಪಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತರು.

ಮುಗಿಯಲಿಲ್ಲ. ಎರಡೂ ಕಡೆ ಗೋಲಿಲ್ಲ. ಇನ್ನಷ್ಟು ಹೊತ್ತು ಆಡಿಸಿದರು, ಆಗಲೂ ಇಲ್ಲ. ಕೊನೆಗೆ ಒಬ್ಬೊಬ್ಬರಾಗಿ ಗೋಲಿಗೆ ಒದೆಯುವುದೆಂದಾಯಿತು. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಒಂದು ಸಲ ಮೈದಾನದೊಳಕ್ಕೆ ಹೆಜ್ಜೆಯಿಟ್ಟು ಮತ್ತೆ ಹಿಂದೆ ಬಂದಳು. ಅಜ್ಜಿ ಇನ್ನಿಲ್ಲ ಎಂದು ನನಗೂ ಗೊತ್ತಿತ್ತು, ಆದರೆ ಒಳಗೆ ಏನೂ ಅಲುಗಲಿಲ್ಲ. ದೂಳು, ಹುಲ್ಲಿನ ಮೆದೆಯ ವಾಸನೆ, ಜನರ ಕೂಗು ಎಲ್ಲವೂ ಬೇರೆ ಯಾರದೋ ಊರಿನದೆಂಬಂತಿತ್ತು. ಕೊನೆಯ ಚೆಂಡನ್ನು ಅಪ್ಪ ಎದೆಗೆ ಅವುಚಿಕೊಂಡು ಬಿದ್ದರು. ನಾವು ಗೆದ್ದೆವು.

ಎಲ್ಲರೂ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಪ್ಪ ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೆಳಗಿಳಿಸಿದ ಮೇಲೆ ಅಕ್ಕ ಹೇಳಿದಳು. ಅಪ್ಪ ಜೀಪಿನತ್ತ ನೋಡಿ, "ಯಾವಾಗ ಬಂತು?" ಎಂದು ಕೇಳಿದರು. ಅಕ್ಕ ಸುಳ್ಳು ಹೇಳಲಿಲ್ಲ.

ಜೀಪು ದಾರಿಯಲ್ಲಿ ಅಂಚೆಟ್ಟಿ ದಾಟುವಷ್ಟರಲ್ಲೇ ಕತ್ತಲಾಗಿತ್ತು. ನಾವು ತಲುಪಿದಾಗ ಮಣ್ಣು ಮಾಡಿ ಬಂದವರು ಸ್ನಾನವನ್ನೂ ಮುಗಿಸಿದ್ದರು. ಅಪ್ಪನಿಗೆ ತಮ್ಮ ಅಮ್ಮನ ಮುಖ ನೋಡಲು ಸಿಗಲಿಲ್ಲ.

ಅಕ್ಕನನ್ನು ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ತನಗೆ ಮಕ್ಕಳಾದ ಮೇಲೂ ಹೇಳುತ್ತಿದ್ದಳು. ಸೂತಕ ಕಳೆದರೂ ಅಪ್ಪ ಗೋಲಿನ ಹತ್ತಿರ ಸುಳಿಯಲಿಲ್ಲ. ಅವರಿಲ್ಲವೆಂದು ಉಳಿದವರೂ ಬರಲಿಲ್ಲ. ಮಳೆ ಬಿದ್ದಾಗ ಹೊಲ ಉತ್ತರು. ಕ್ಲಬ್ಬಿನ ಕತೆ ಅಷ್ಟೇ.

ಈಗ ನಿಮಗೆ ಬಣ್ಣದ ಜರ್ಸಿ ಇದೆ, ಹೊಸೂರಿನಿಂದ ತಂದ ಬೂಟುಗಳಿವೆ. ತಂಡದಲ್ಲಿ ಕನ್ನಡ, ತಮಿಳು, ತೆಲುಗು ಮನೆಗಳ ಮಕ್ಕಳೆಲ್ಲ ಇದ್ದೀರಿ. ಒಂದು ಮನೆಯ ಸೂತಕಕ್ಕೆ ಆಟ ನಿಲ್ಲುವುದಿಲ್ಲ. ಒಳ್ಳೆಯದೇ. ಆಡಲು ಇಳಿಯುವ ಮೊದಲು ಫೋನುಗಳನ್ನೆಲ್ಲ ನನ್ನ ಮಡಿಲಿಗೆ ಹಾಕಿ ಹೋಗುತ್ತೀರಿ. ಅದರಲ್ಲಿ ಯಾವುದು ಬಡಿದುಕೊಂಡರೂ ನಾನು ಅದನ್ನು ಎತ್ತಿಕೊಂಡು ಮೈದಾನದ ನಡುವೆ ನಡೆದುಬರುತ್ತೇನೆ. "ತಾತ, ಆಚೆ ಹೋಗು" ಎಂದು ರೇಗುತ್ತೀರಿ. ರೇಗಿ. ನಾನು ಮಾತ್ರ ಬಂದೇ ಬರುತ್ತೇನೆ.