ಕೋವಿಯ ಕೊಕ್ಕು

ತೆಕ್ಕಟ್ಟೆಯ ಹೆದ್ದಾರಿ ಬದಿಯ ಗೂಡಂಗಡಿಯೊಂದರಲ್ಲಿ, ಬೀಡಿ ಹಚ್ಚಿಕೊಳ್ಳುವವರಿಗೆಂದು ಈಗಲೂ ತೆಂಗಿನ ನಾರಿನ ಹಗ್ಗ ನೇತಾಡುತ್ತದೆ, ತುದಿಯಲ್ಲಿ ಕೆಂಡ. ನಾನು ಬೀಡಿ ಸೇದುವವನಲ್ಲ. ಆದರೂ ಮೊನ್ನೆ ಆ ಹೊಗೆಯ ವಾಸನೆಗೆ ಬೈಕ್ ನಿಲ್ಲಿಸಿದೆ. ಚಿಕ್ಕಂದಿನಿಂದಲೂ ಆ ವಾಸನೆಗೆ ನನಗೆ ಅಜ್ಜಯ್ಯ, ಅಂದರೆ ಅಮ್ಮನ ಅಪ್ಪ, ನೆನಪಾಗುತ್ತಾರೆ. ಏಕೆಂದು ಕಳೆದ ತಿಂಗಳವರೆಗೆ ಗೊತ್ತಿರಲಿಲ್ಲ.

ಅವರದೆಂದು ನನ್ನಲ್ಲಿರುವುದು ಒಂದೇ ನೆನಪು. ಗದ್ದೆಯಲ್ಲಿ ಬಿಳಿ ಕೊಕ್ಕರೆಗಳು, ಅಂಚಿನಲ್ಲಿ ಕೋವಿ ಹಿಡಿದ ಅಜ್ಜಯ್ಯ. "ಕೊಕ್ಕಿಗ್ ಬೆಂಕಿ ಹಿಡ್ಸ್" ಎಂದು ಆಳಿಗೆ ಹೇಳಿದರು. ಢಂ! ಕೊಕ್ಕು ಸುಟ್ಟ ಹಕ್ಕಿಯೊಂದು ಕೆಸರಿಗೆ ಬಿತ್ತು. ಆಮೇಲೆ ಅವರು ಕರೆದರೂ ನಾನು ಹತ್ತಿರ ಸುಳಿಯಲಿಲ್ಲ. ಮರುವರ್ಷ ತೀರಿಕೊಂಡರು.

ಈ ಕ್ರೌರ್ಯದ ಕಥೆಯನ್ನು ನಾನು ಹಾಸ್ಟೆಲಿನಿಂದ ಹಿಡಿದು ಮದುವೆ ಊಟದ ಪಂಕ್ತಿಯವರೆಗೆ ಹೇಳದ ಜಾಗವಿಲ್ಲ. "ಅಪ್ಪಯ್ಯ ಹಕ್ಕಿ ಕೊಂದವ್ರಲ್ಲ" ಎಂದು ಅಮ್ಮ ಪ್ರತಿ ಸಲ ತಡೆಯುತ್ತಿದ್ದಳು. "ಸಾಕ್ಷಿ ಎಲ್ಲಿ?" ಎಂದು ನಾನು ಕೇಳುತ್ತಿದ್ದೆ. ಎಂ.ಎ. ಓದಿದವನಲ್ಲವೆ!

ಈ ಸಲ ಆಯುಧಪೂಜೆಗೆ ಅಜ್ಜಯ್ಯನ ಹಳೆಯ ಕೋವಿ ಪೂರ್ತಿಯಾಗಿರಬೇಕೆಂದು ಅವಳ ಹಟ. ನಳಿಗೆ ತುಕ್ಕು ತುಂಬಿ ಮುಚ್ಚಿಹೋಗಿತ್ತು, ಮದ್ದು ಜಡಿಯುವ ಕಡ್ಡಿ ಇರಲಿಲ್ಲ, ಮೇಲಿನ ಒಂದು ಭಾಗ ಬುಡದಿಂದಲೇ ಕಳಚಿತ್ತು. ಕೊಕ್ಕರ್ಣೆಯ ಆಚಾರ್ರ ಕುಲುಮೆಗೆ ಒಯ್ದು, "ಇದರ ಕುದುರೆ ಹೋಗಿದೆ" ಎಂದೆ. ಟ್ರಿಗರ್ ಒತ್ತಿದಾಗ ಬಡಿಯುವ ತುಂಡಿಗೆ ಹಾಗೆ ಹೇಳುತ್ತಾರೆಂದು ಎಲ್ಲೋ ಓದಿದ್ದೆ.

ಆಚಾರ್ರು ಕನ್ನಡಕ ಏರಿಸಿ ನಕ್ಕರು. "ಕುದ್ರೆ ಇಪ್ಪುದ್ ಕೇಪಿನ್ ಕೋವಿಗ್ ಮರಾಯ್ರೆ. ಇದ್ ಬತ್ತಿ ಕೋವಿ. ಇದಕ್ ಇಪ್ಪುದ್ ಕೊಕ್ಕ್."

"ಎಂತ?"

"ಕೊಕ್ಕ್! ಕಾಣಿ, ಇಲ್ಲ್ ನಾರಿನ್ ಬತ್ತಿ ಕಚ್ಚಿಸುದ್, ಬೆಂಕಿ ಹಿಡ್ಸುದ್. ಅಡಿಗ್ ಒತ್ತಿರೆ ಅದ್ ಬಗ್ಗಿ ಮದ್ದಿಗ್ ಕುಟ್ಕುದ್."

ಇನ್ನೊಮ್ಮೆ ಹೇಳಲು ಕೇಳಿದೆ. ಹೇಳಿದರು. ಅಜ್ಜಯ್ಯ ಆಳಿಗೆ ಹೇಳಿದ್ದ ಮಾತನ್ನು ನಾನು ಅಲ್ಲೇ ಮೆಲ್ಲಗೆ ಹೇಳಿ ನೋಡಿದೆ.

ಹಳೆಯ ಲಾರಿಯ ಸ್ಪ್ರಿಂಗ್ ಪಾಟಾ ಕಡಿದು ಅವರು ಮಾಡಿಕೊಟ್ಟ ಹೊಸ ಕೊಕ್ಕನ್ನು ಅಮ್ಮ ಬೆರಳಿಂದ ಸವರಿ ನೋಡಿದಳು. ನಾನು ಎಲ್ಲ ಹೇಳಿದೆ. ಹಾಗಾದರೆ ಬಿದ್ದ ಹಕ್ಕಿ?

"ಹಂದಿ ಓಡ್ಸುಕ್ ಬರೀ ಮದ್ದ್ ತುಂಬ್ತಿದ್ರ್, ಗುಂಡೇ ಹಾಕ್ತಿರ್ಲಿಲ್ಲ" ಎಂದಳು. ಕೊಕ್ಕನ್ನು ನನ್ನ ಕೈಗಿಟ್ಟು, "ಅವ್ರ್ ಕರ್ದಾಗ ಹೋಗಿದ್ರೆ ಅವ್ರೇ ತೋರ್ಸ್ತಿದ್ರಲ್ಲ ಮಗಾ" ಎಂದಳು.

ಈ ಸಲ ನಾನು ಸಾಕ್ಷಿ ಕೇಳಲಿಲ್ಲ. ಆ ಹಕ್ಕಿ ಮಾತ್ರ ಈಗಲೂ ನನಗೆ ಸ್ಪಷ್ಟವಾಗಿ ಕಾಣುತ್ತದೆ, ಸುಟ್ಟ ಕೊಕ್ಕಿನ ಸಮೇತ. ನಾನು ಕಂಡೆನೆಂದು ಆಣೆ ಹಾಕುವ ಉಳಿದ ಸಂಗತಿಗಳನ್ನು ಏನು ಮಾಡಲಿ, ನೀವೇ ಹೇಳಿ.

"ಹ್ವಾಯ್, ಬೀಡಿ ಬೇಡ್ದಾ?" ಮೊನ್ನೆ ಬೈಕ್ ನಿಲ್ಲಿಸಿದಾಗ ಆ ಗೂಡಂಗಡಿಯವನು ಕೇಳಿದ.

"ಬೇಡ. ಆ ಹಗ್ಗ ಒಂದು ಗೇಣು ಕೊಡಿ."

ಮನೆಗೆ ಬಂದು ಅದನ್ನು ಕೋವಿಯ ಕೊಕ್ಕಿಗೆ ಕಚ್ಚಿಸಿದೆ. ಬೆಂಕಿ ಹಿಡಿಸಲಿಲ್ಲ.