ಮಿಡಿ ಬಿಟ್ಟ ನೀರು

ಇವತ್ತು ಬೆಳಿಗ್ಗೆ ನೋಡಿದರೆ ನಮ್ಮ ಮನೆಯ ಒಂದು ವರ್ಷದ ಉಪ್ಪಿನಕಾಯಿಗೇ ಗಂಡಾಂತರ ಬಂದಿತ್ತು, ಕೇಳಿ. ಕಳಸದ ಕಾಡಿನಿಂದ ತರಿಸಿದ ಜೀರಿಗೆ ಮಾವಿನ ಮಿಡಿಯನ್ನು ಬರೀ ಕಲ್ಲುಪ್ಪಿನಲ್ಲಿ ಹಾಕಿ ಹತ್ತು ದಿನವಾಗಿತ್ತು. ಸೊಸೆಯ ತಾಯಿ, ಮೈಸೂರಿನ ಬೀಗಿತ್ತಿ, ನಿನ್ನೆ ನನಗೆ ಹೇಳದೆ ಭರಣಿಯ ನೀರನ್ನೆಲ್ಲ ಮೋರಿಗೆ ಚೆಲ್ಲಿ ನಲ್ಲಿ ನೀರು ತುಂಬಿಸಿಟ್ಟಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು ಅವರು.

"ಯಾರೋ ನೀರು ಬೆರೆಸಿದ್ರು, ಮಿಡಿ ಪಾಪ ಸುಕ್ಕಾಗಿತ್ತು. ಈಗ ನೋಡಿ, ಹೇಗೆ ಉಬ್ಬಿದೆ. ಜೀವಕೋಶದ ಪೊರೆ ದಾಟಿ ನೀರು ಉಪ್ಪು ಜಾಸ್ತಿ ಇರೋ ಕಡೆಗೆ ಹೋಗುತ್ತೆ. ಅಭಿಸರಣೆ ಅಂತಾರೆ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಮಾರಾಯ್ರೆ. ಭರಣಿಗೆ ಯಾರೂ ನೀರು ಹಾಕ್ಲಿಲ್ಲ. ಉಪ್ಪು ಹೊರಗಿತ್ತು, ಮಿಡಿಯೊಳಗಿನ ನೀರೇ ಹೊರಗೆ ಬಂದಿತ್ತು. ನೀವು ಅದನ್ನೇ ಚೆಲ್ಲಿದ್ರಿ. ಉಬ್ಬಿದ ಮಿಡಿ ನಾಲ್ಕೇ ದಿನಕ್ಕೆ ಕೊಳೀತದೆ," ಎಂದೆ.

ಬೀಗಿತ್ತಿ ಭರಣಿಯಿಂದ ಒಂದು ಮಿಡಿ ಎತ್ತಿ ಒತ್ತಿ ನೋಡಿದರು. ಆಮೇಲೆ, "ಪಾಠದ ಪ್ರಯೋಗದಲ್ಲಿ ಇದ್ದದ್ದು ಆಲೂಗಡ್ಡೆ," ಎಂದರು.

ಮಿಡಿಯನ್ನು ಸೋಸಿ ಮತ್ತೆ ಉಪ್ಪು ಸುರಿದಿದ್ದೇನೆ, ಉಳಿದರೆ ಪುಣ್ಯ. ಅವರ ಹತ್ತಿರ ಕಲಿತು ಪಾಸಾದವರೆಲ್ಲ ಈಗ ಅಂಗಡಿ ಉಪ್ಪಿನಕಾಯಿಯನ್ನೇ ತಿನ್ನುತ್ತಿರಬೇಕು.